ಮೊದಲು ಕರೆಯುವವರು ಯಾರು

ಅಂಗಡಿ ಮುಚ್ಚುವವನಿಗೂ ಒಂದು ಮರ್ಯಾದೆ ಇರುತ್ತದೆ. ಬಾಗಿಲಿಗೆ 'ಮುಚ್ಚಿದೆ' ಎಂದು ಬರೆದು ತೂಗುಹಾಕಿ, ಬೀಗ ಜಡಿದು ಹೋಗುತ್ತಾನೆ. ಈ ಗಡಿಯಾರದ ಕಂಪನಿಯವರಿಗೆ ಅಷ್ಟೂ ಗತಿಯಿಲ್ಲ. 'ನಮ್ಮ ನಿಮ್ಮ ಪಯಣ ಒಂದು ರೋಮಾಂಚಕ ಹೊಸ ತಿರುವಿಗೆ ಬಂದಿದೆ' ಅಂತ ಶುರುಮಾಡಿ, ಉದ್ದಕ್ಕೂ ಬೆಣ್ಣೆ ಹಚ್ಚಿ, ಕಟ್ಟಕಡೆಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಈ ತಿಂಗಳ ಕೊನೆಗೆ ಓಟದ ತರಬೇತಿಯ ನಮ್ಮ ಜಾಲತಾಣ ಬಂದ್ ಎಂದು ತಿಳಿಸಿದ್ದರು.

ಆ ಪತ್ರ ಫೋನಿಗೆ ಬಂದಾಗ ಅಕ್ಕನ ಒಂದು ಕೈಯಲ್ಲಿ ಮೇಣದ ಚಾಕು, ಇನ್ನೊಂದರಲ್ಲಿ ಯಾರದೋ ಮೇಲ್ದವಡೆಯ ಅಚ್ಚು ಇತ್ತು. ಎರಡು ಸಲ ಓದಿದಳು. "ರೋಮಾಂಚಕವಂತೆ! ಇವರ ಮನೆ ಹಾಳಾಗ" ಎಂದು ದವಡೆಗೇ ಹೇಳಿದಳು. ಮೇಣ ತಣ್ಣಗಾಗಿ ಗಟ್ಟಿಯಾಗಿತ್ತು. ಇನ್ನೊಂದು ಸಲ ದೀಪದ ಉರಿಗೆ ಹಿಡಿಯಬೇಕಾಯಿತು.

ಅಕ್ಕನ ಕಸುಬು ಹಲ್ಲು ಕಟ್ಟುವುದು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಅಕ್ಕ ಅದಕ್ಕೆ ಗಚ್ಚು ಸುರಿದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ಪೂರಾ ಸೆಟ್ಟು ಮಾಡಿ ವಾಪಸು ಕಳಿಸುತ್ತಾಳೆ. ಎದುರಿಗೆ ನಿಂತವರು ಬಾಯಿ ತೆರೆದರೆ ಮಾತು ಕಿವಿಗೆ ಬೀಳುವ ಮೊದಲು ಹಲ್ಲು ಕಣ್ಣಿಗೆ ಬೀಳುತ್ತದೆ ಆಕೆಗೆ, ಅಲ್ಲಿಗೆ ಅವರ ಮೇಲಿನ ಗೌರವ ಅರ್ಧ ಇಳಿಯುತ್ತದೆ. ಉಳಿದ ಅರ್ಧ ಅವರು ಮಾತಾಡಿದ ಮೇಲೆ ಇಳಿಯುತ್ತದೆ.

ಓಟ ಆಕೆಯ ಹಳೇ ಹುಚ್ಚು. ವಯಸ್ಸಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಬೇರೆಯವರನ್ನು ಓಡಿಸಲು ಹೊರಟಳು. ಬೆಳಗ್ಗೆ ಪಾರ್ಕಿನ ಗೇಟಿನ ಹತ್ತಿರ ಸೇರುವ ಒಂದಷ್ಟು ಜನ, ಎಲ್ಲರಿಗೂ ಆಕೆ ಅಕ್ಕ. ಎಲ್ಲರ ಮಣಿಕಟ್ಟಿನಲ್ಲೂ ಒಂದೇ ಕಂಪನಿಯ ಗಡಿಯಾರ. ಎಷ್ಟು ದೂರ ಓಡಿದೆ, ಎಲ್ಲಿ ನಿಂತೆ, ಎದೆ ಎಷ್ಟು ಬಡಿದುಕೊಂಡಿತು ಎಂದು ಚಾಡಿ ಹೇಳುವುದೇ ಅದರ ಕೆಲಸ. ಅಕ್ಕ ಭಾನುವಾರ ಕೂತು ತಾಣದಲ್ಲಿ ಒಬ್ಬೊಬ್ಬರಿಗೂ ಯಾವ ದಿನ ಎಷ್ಟು ಓಡಬೇಕೆಂದು ವಾರದ ಪಾಠ ಬರೆದರೆ ಅದು ತಾನಾಗಿಯೇ ಅವರ ಗಡಿಯಾರಕ್ಕೆ ಹೋಗುತ್ತಿತ್ತು. ಅವರು ಓಡಿದ್ದು ತಾನಾಗಿಯೇ ಅಕ್ಕನ ಪರದೆಗೆ ಬರುತ್ತಿತ್ತು. ನಡುವೆ ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲ, ಅಕ್ಕನಿಗೆ ಆ ತಾಣದಲ್ಲಿ ಹಿಡಿಸಿದ್ದೇ ಅದು.

ಊರಿಗೆಲ್ಲ ಅಕ್ಕನಾದವಳಿಗೆ ಸ್ವಂತ ತಂಗಿ ಒಬ್ಬಳಿದ್ದಳು. ಅವಳು ಮಾತ್ರ ಅಕ್ಕ ಅನ್ನುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಜಗಳ ಆದದ್ದು ಒಂದು ರೇಸಿನ ದಿನ. ತಂಗಿ ಅಕ್ಕನಿಗಿಂತ ಒಳ್ಳೆಯ ಓಟಗಾರ್ತಿ. ಅಕ್ಕ ಅದನ್ನು ಅವಳೆದುರು ಒಂದು ದಿನವೂ ಹೇಳಿದವಳಲ್ಲ, ಹೇಳಿದರೆ ತಲೆ ತಿರುಗುತ್ತದೆ ಎಂದು. ಒಂದಿಡೀ ವರ್ಷ ತಿದ್ದಿ ತೀಡಿ ತಯಾರು ಮಾಡಿದ್ದಳು. ನೇರಳೆ ಪಟ್ಟಿಯ ಗಡಿಯಾರವನ್ನೂ ತಾನೇ ಕೊಡಿಸಿ, ತನ್ನ ಕೈಯಾರೆ ತಾಣಕ್ಕೆ ಸೇರಿಸಿದ್ದಳು. ಅವತ್ತು ತಂಗಿ ಗಾಳಿಯ ಹಾಗೆ ಬರುತ್ತಿದ್ದಳು, ಓಟ ಮುಗಿಯುವ ಗೆರೆ ಕಣ್ಣಿಗೆ ಕಾಣುತ್ತಿತ್ತು. ಅಷ್ಟರಲ್ಲಿ ಪಕ್ಕದಿಂದ ಅವಳ ಗಂಡ ಕೂಗಿದ. ಫೋನು ಎತ್ತಿ ಹಿಡಿದು, ಹಲ್ಲು ಕಿರಿದುಕೊಂಡು, "ಇಲ್ಲಿ ನೋಡೇ, ಇಲ್ಲಿ!" ಅಂದ. ಇವಳು ನಿಂತಳು. ನಿಂತು, ಕೂದಲು ಸರಿಮಾಡಿಕೊಂಡು, ಅವನ ಹೆಗಲಿಗೆ ಕೈಹಾಕಿ ಫೋಟೋ ತೆಗೆಸಿಕೊಂಡು, ಆಮೇಲೆ ನಗುತ್ತಾ ಗೆರೆ ದಾಟಿದಳು. ಅಷ್ಟರಲ್ಲಿ ಯಾರ‍್ಯಾರೋ ಮುಂದೆ ಹೋಗಿಯಾಗಿತ್ತು.

ಅಕ್ಕನ ಮೈಯೆಲ್ಲ ಉರಿದುಹೋಯಿತು. ಪದಕ ಹಂಚುವವರು, ನೀರು ಕೊಡುವವರು, ಅಷ್ಟು ಜನರ ಮುಂದೆ ಬಾಯಿಗೆ ಬಂದದ್ದೆಲ್ಲ ಅಂದಳು. "ಇಂಥ ದಿಂಬನ್ನ ಕಟ್ಕೊಂಡ ಮೇಲೆ ಮಲಗ್ಬೇಕಷ್ಟೆ, ಓಡೋದೆಲ್ಲಿ ಬಂತು! ಬಸ್ಸು ಹೋಗ್ತಿದ್ರೂ ನಾಲ್ಕು ಹೆಜ್ಜೆ ಓಡೋ ಯೋಗ್ಯತೆ ಇಲ್ಲ ಇವನಿಗೆ. ನೀನು ಇವನಿಗೋಸ್ಕರ ನಿಲ್ತೀಯಾ?"

ದಿಂಬು ಪಾಪ ಸುಮ್ಮನೆ ನಿಂತಿದ್ದ. ಪರದೆ ಬಟ್ಟೆ ಮಾರುವವನು, ಮನೆಮನೆಗೆ ಹೋಗಿ ಕಿಟಕಿ ಅಳೆಯುವವನು. ಮೈಯೂ ಮೆತ್ತಗೆ, ಮಾತೂ ಮೆತ್ತಗೆ. ತಂಗಿ ಮಾತ್ರ ಮೆತ್ತಗಿರಲಿಲ್ಲ.

"ನಿನಗೆ ಮನುಷ್ಯರು ಬೇಕಾಗಿಲ್ಲ ಕಣೇ" ಎಂದಳು. "ಯಾರನ್ನ ಕಂಡರೂ ಮೂಗು ಮುರೀತೀಯ. ನನ್ನ ಕಾಲಷ್ಟೇ ಬೇಕಾಗಿತ್ತು ನಿನಗೆ, ನಾನಲ್ಲ. ಇನ್ನು ಸತ್ತರೂ ನಿನ್ನ ಮುಖ ನೋಡಲ್ಲ."

ಅಂದಳು, ಅಂದಂತೆಯೇ ನಡೆದಳು. ಫೋನಿಲ್ಲ, ಬರುವುದಿಲ್ಲ, ಹೋಗುವುದಿಲ್ಲ. ಅಕ್ಕನೇನು ಕಡಿಮೆಯೇ? ತಾನಾಗಿ ಮಾತಾಡಿಸಲು ನನಗೇನು ಗ್ರಹಚಾರ ಎಂದು ಬಿಗಿದುಕೊಂಡು ಕೂತಳು. ಕೂತವಳು ಆ ಭಾನುವಾರ ಅಭ್ಯಾಸಬಲದಿಂದ ತಾಣ ತೆರೆದರೆ ಪಟ್ಟಿಯಲ್ಲಿ ಎಲ್ಲರ ಜೊತೆ ತಂಗಿಯ ಹೆಸರು ಹಾಗೆಯೇ ಇತ್ತು. ಅಳಿಸಲು ಬೆರಳು ಹೋಯಿತು, ಅಳಿಸಲಾಗಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳು ನಾನಲ್ಲ ಎಂದುಕೊಂಡು, ಒಂದು ಮಾತೂ ಸೇರಿಸದೆ, ವಾರದ ಪಾಠ ಹಾಕಿದಳು. ಹಾಕಿದ ಮೇಲೆ ಎದೆ ಹೊಡೆದುಕೊಂಡದ್ದು ಹೌದು. ಮಂಗಳವಾರ ನೋಡಿದರೆ ಓಟ ಬಂದಿತ್ತು! ತಂಗಿಯ ಮನೆಯ ಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ಮನೆಗೆ ಹೋಗಿತ್ತು.

ಅಂದಿನಿಂದ ಅದೇ ನಡೆದುಕೊಂಡು ಬಂದಿತು. ಅಕ್ಕ ಪಾಠ ಹಾಕುವುದು, ಓಟ ಬರುವುದು. ಮಾತು ಬರೆಯಲು ತಾಣದಲ್ಲಿ ಜಾಗವಿತ್ತು. ಇವಳೂ ಬರೆಯಲಿಲ್ಲ, ಅಲ್ಲಿಂದಲೂ ಬರಲಿಲ್ಲ.

ಓಟ ಮಾತ್ರ ಕೆಟ್ಟು ಕೆರ ಹಿಡಿದಿತ್ತು. ಅಷ್ಟು ಚುರುಕಾಗಿದ್ದ ಹುಡುಗಿ ಎಮ್ಮೆ ನಡೆದ ಹಾಗೆ ನಡೆಯುತ್ತಿದ್ದಳು, ಎದೆ ನೋಡಿದರೆ ಬಾಯಿಗೆ ಬರುವ ಹಾಗೆ ಬಡಿದುಕೊಳ್ಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗಡಿಯಾರ ಕೆಟ್ಟಿದೆ ಎನ್ನುತ್ತಿದ್ದರು. ಅಕ್ಕನಿಗೆ ಪರದೆಯ ಮೇಲಿನ ಏರಿಳಿತದ ಗೆರೆ ಓದುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಗರ್ವ. ಅವಳು ಓದಿದ್ದೇ ಬೇರೆ. ಕೋಪ, ಇದು ಕೋಪದ ಎದೆಬಡಿತ, ನನ್ನ ಮೇಲಿನ ಸಿಟ್ಟು ಹೊತ್ತುಕೊಂಡು ಓಡುತ್ತಿದ್ದಾಳೆ, ಸಿಟ್ಟು ಭಾರ ಅಲ್ಲವೇ, ಕಾಲು ಏಳುತ್ತಿಲ್ಲ. ಹೀಗೆ ತಾನೇ ಡಾಕ್ಟರಾಗಿ ಪಾಠ ಹಗುರ ಮಾಡಿದಳು. ದಿನಾ ಒಂದೇ ಮೂಲೆಯಲ್ಲಿ ಓಟ ಸ್ವಲ್ಪ ಹೊತ್ತು ನಿಲ್ಲುವುದನ್ನು ನೋಡಿ, ಮೀನಖಂಡ ಹಿಡಿದುಕೊಳ್ಳುತ್ತಿದೆ ಎಂದು ತೀರ್ಮಾನಿಸಿ ಅದಕ್ಕೂ ವ್ಯಾಯಾಮ ಸೇರಿಸಿದಳು. ಬರಬರುತ್ತಾ ಎದೆ ಶಾಂತವಾಯಿತು, ಓಟಕ್ಕೆ ಜೀವ ಬಂತು. ಕೋಪ ಇಳಿಯುತ್ತಿದೆ ಎಂದು ಅಕ್ಕ ಹಿಗ್ಗಿದಳು. ಹೊರಗೆ ತೋರಿಸಿಕೊಳ್ಳುವ ಪೈಕಿಯಲ್ಲ. ಆದರೆ ಆ ಗೆರೆ ನೋಡದೆ ದೀಪ ಆರಿಸುತ್ತಿರಲಿಲ್ಲ.

ಈಗ ಆ ತಾಣವೇ ಬಂದ್ ಅಂತೆ, ರೋಮಾಂಚಕವಂತೆ.

ಬದಲಿಗೆ ಯಾವುದು ಎಂದು ತೀರ್ಮಾನಿಸಲು ಗುಂಪು ತಮ್ಮಲ್ಲೊಬ್ಬನಾದ ಕನ್ನಡಕದವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿತು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ಮೂಲೆಯಲ್ಲಿ ಖಾಲಿ ಫ್ರೇಮುಗಳ ಪೆಟ್ಟಿಗೆ. ಇರುವ ನಾಲ್ಕು ಕುರ್ಚಿಗೆ ಎಂಟು ಜನ. ಅಕ್ಕನಿಗೆ ಕುರ್ಚಿ ಸಿಕ್ಕಿತು, ಸಿಗದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಕನ್ನಡಕದವನು ಫೋನು ಹಿಡಿದು ಕುಣಿಯುವುದೊಂದು ಬಾಕಿ. "ಅಕ್ಕಾ, ಕಂಪನಿಯವರೇ ಹೇಳಿರೋ ಆ್ಯಪ್ ಇದು. ಓಟ ಮುಗಿಸಿದ ತಕ್ಷಣ ಪರದೆ ಮೇಲೆ ಬಣ್ಣಬಣ್ಣದ ಚುಕ್ಕಿ ಸುರಿಯುತ್ತೆ, ನೋಡಿ! ಶಭಾಷ್ ಅನ್ನುತ್ತೆ!"

"ನೀನು ಓಡಿದ್ದಕ್ಕಾ, ನಿಲ್ಸಿದ್ದಕ್ಕಾ?" ಎಂದಳು ಅಕ್ಕ.

ಎಲ್ಲರೂ ನಕ್ಕರು. ಅವನೂ ನಕ್ಕ. ಬೈದರೂ ನಗುವವರನ್ನು ಕಂಡರೆ ಅಕ್ಕನಿಗೆ ಇನ್ನಷ್ಟು ತಾತ್ಸಾರ.

ಗುಂಪಿನ ವಕೀಲೆ ಎಲ್ಲ ಆ್ಯಪ್‌ಗಳ ನಿಯಮಗಳನ್ನೂ ಅಚ್ಚು ಹಾಕಿಸಿ, ಹಳದಿ ಬಣ್ಣ ಬಳಿದು ತಂದಿದ್ದಳು. ಅವಳ ಪ್ರಕಾರ ಅದು ಬೇಡ, ಊರೆಲ್ಲ ಸೇರಿ ಒಬ್ಬರ ಓಟಕ್ಕೊಬ್ಬರು ಹೆಬ್ಬೆಟ್ಟು ತೋರಿಸುವ ಇನ್ನೊಂದೂ ಬೇಡ. "ಅವರು ನಮ್ಮ ಓಟದ ಮಾಹಿತಿ ಮಾರ್ಕೊಳ್ತಾರೆ ಅಕ್ಕ. ಇಲ್ಲೇ ಬರೆದಿದೆ."

"ನಿನ್ನ ಓಟಾನ? ಕೊಂಡ್ಕೊಳ್ಳೋರು ಯಾರಮ್ಮ?"

ಮೂರನೆಯದು ಪಳಗಿದವರಿಗಂತೆ. ತುಂಬ ಗೆರೆಗಳು, ತುಂಬ ಬಣ್ಣಗಳು, ನಿನ್ನ ಆಯಾಸಕ್ಕೆ ಒಂದು ಅಂಕಿ, ನಿನ್ನ ನಿದ್ದೆಗೆ ಒಂದು ಅಂಕಿ. ಬೆಳಗ್ಗೆ ಎದ್ದು ಮೈ ಹೇಗಿದೆ ಎಂದು ಮೈಯನ್ನು ಕೇಳದೆ ಫೋನನ್ನು ಕೇಳುವವರಿಗೆ ಹೇಳಿ ಮಾಡಿಸಿದ್ದು. ಅದನ್ನು ನೋಡಿ ಗುಂಪಿನಲ್ಲಿ ಅರ್ಧ ಜನ ಬಾಯಿ ಬಿಟ್ಟುಕೊಂಡಿದ್ದರು. ನಾಲ್ಕು ಹೆಜ್ಜೆ ಓಡಿ ನಲವತ್ತು ನಿಮಿಷ ಅದರ ಬಗ್ಗೆ ಮಾತಾಡುವ ಈ ಜನಕ್ಕೆ ಆಯಾಸದ ಅಂಕಿ ಬೇರೆ ಕೇಡು! ವಾದ ನಡೆದೇ ನಡೆಯಿತು. ಒಬ್ಬಳು ಬ್ಯಾಟರಿ ಎಂದಳು, ಒಬ್ಬ ಹಳೇ ತಾಣ ಕೊಟ್ಟ ಪದಕಗಳ ಚಿತ್ರ ಹೊಸದಕ್ಕೆ ಬರುತ್ತದೋ ಇಲ್ಲವೋ ಎಂದು ಗೋಳಾಡಿದ. ಸತ್ತವರಿಗೆ ಅಳುವ ಹಾಗೆ ಅತ್ತರು ಆ ಪದಕಗಳಿಗೆ.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಎಲ್ಲರ ಗಲಾಟೆಯ ನಡುವೆ, ಏನೋ ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. "ಹಳೇ ತಾಣದಲ್ಲಿ ನನ್ನ ಪಟ್ಟೀಲಿ ಇರೋರು ಹೊಸದಕ್ಕೆ ತಾವಾಗೇ ಬರ್ತಾರಾ?"

"ಇಲ್ಲ ಅಕ್ಕ" ಎಂದಳು ವಕೀಲೆ, ಹಳದಿ ಬಳಿದ ಸಾಲಿನ ಮೇಲೆ ಬೆರಳಿಟ್ಟು. "ಓಟಗಳು ಬರ್ತವೆ, ಜನ ಬರಲ್ಲ. ನೀವು ಒಬ್ಬೊಬ್ಬರನ್ನೂ ಕರೀಬೇಕು, ಅವರು ಒಪ್ಕೋಬೇಕು. ಯಾವುದರಲ್ಲಾದ್ರೂ ಅಷ್ಟೆ."

"ಕರೀದೇ ಇದ್ರೆ?"

"ಕರೀದೇ ಇದ್ರೆ ಇಲ್ಲ ಅಷ್ಟೆ. ಯಾಕೆ, ನಾವೆಲ್ಲ ಇಲ್ಲೇ ಇದೀವಲ್ಲ, ಒಪ್ಕೊಳ್ತೀವಿ ಬಿಡಿ."

"ನಿಮ್ಮನ್ನ ಯಾರು ಕೇಳಿದ್ರು?" ಎಂದು ಅಕ್ಕ ಎದ್ದಳು. "ಯಾವ ಹಾಳಾದ್ದನ್ನಾದ್ರೂ ಆರಿಸ್ಕೊಳ್ಳಿ. ಕಾಲು ನಿಮ್ಮದೇ ಇರುತ್ತಲ್ಲ, ಅದೇ ದುರದೃಷ್ಟ."

ಅವರು ಚುಕ್ಕಿ ಸುರಿಯುವುದನ್ನೇ ಆರಿಸಿಕೊಂಡರು. ಆರಿಸಿಕೊಳ್ಳದೆ ಇನ್ನೇನು?

ಆ ವಾರವೆಲ್ಲ ಅಕ್ಕ ಹಲ್ಲಿನ ಕೆಲಸ ಬಿಟ್ಟು ಆ್ಯಪ್ ಜಾಲಾಡಿದಳು. ಗುಂಪಿಗೆ ಗೊತ್ತಾಗಿದ್ದರೆ ವರ್ಷವಿಡೀ ಆಡಿಕೊಂಡು ನಗುತ್ತಿದ್ದರು. ಒಂದಾದ ಮೇಲೊಂದು ಇಳಿಸಿಕೊಂಡಳು. ಪ್ರತಿಯೊಂದೂ ಮೊದಲು ಅವಳ ತೂಕ ಕೇಳಿತು, ಆಮೇಲೆ ಅವಳ ಕನಸೇನು ಎಂದು ಕೇಳಿತು. "ನಿನ್ನ ಗೋರಿ" ಎಂದು ಎರಡಕ್ಕೆ ಟೈಪು ಮಾಡಿದಳು. ಅವು 'ಅದ್ಭುತ ಗುರಿ!' ಎಂದು ಮುಂದಕ್ಕೆ ಬಿಟ್ಟವು. ಮುಂದೆ ಹೋದರೆ ಎಲ್ಲದರಲ್ಲೂ ಅದೇ ಗುಂಡಿ. 'ಆಹ್ವಾನ ಕಳಿಸಿ.' ಕಳಿಸಿದರೆ ಏನಾಗುತ್ತದೆಂದೂ ಕೆಳಗೆ ತೋರಿಸುತ್ತಿತ್ತು. ಒಪ್ಪಿದರೆ ಹಸಿರು ಚುಕ್ಕಿ, ನಿರಾಕರಿಸಿದರೆ ಕೆಂಪು.

ಕಂಪನಿಗೆ ಬರೆದಳು. ಹಳೆಯ ಜೋಡಣೆಯನ್ನು ಹಾಗೆಯೇ ಸಾಗಿಸಲು ಆಗುವುದಿಲ್ಲವೇ ಎಂದು, ತನ್ನ ಸ್ವಭಾವಕ್ಕೆ ಸಲ್ಲದಷ್ಟು ವಿನಯದಿಂದ. 'ನಿಮ್ಮ ಭಾವನೆಗಳು ನಮಗೆ ಅಮೂಲ್ಯ' ಎಂದು ಉತ್ತರ ಬಂತು, ಕಳಿಸಿದ ಮರುಕ್ಷಣವೇ. ಓದುವಷ್ಟು ಹೊತ್ತೂ ಆಗಿರಲಿಲ್ಲ. ಅಮೂಲ್ಯವಂತೆ, ಇವರ ಅಪ್ಪನ ಗಂಟು!

ಬೇರೆ ಯಾರದೋ ಹೆಸರಿನಲ್ಲಿ ಕರೆದರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿ, ಥೂ ಎಂದು ತನಗೆ ತಾನೇ ಉಗಿದುಕೊಂಡಳು. ನಿಜ ಹೇಳಬೇಕೆಂದರೆ ಅಕ್ಕನಿಗೆ ಹೆದರಿಕೆ. ಕರೆಯುವುದರ ಹೆದರಿಕೆಯಲ್ಲ, ಆ ಕೆಂಪಿನ ಹೆದರಿಕೆ. ತಾಣ ಇರುವವರೆಗೆ ತಂಗಿ ತನ್ನ ಮಾತು ಕೇಳುತ್ತಿದ್ದಾಳೆ, ಬಾಯಲ್ಲಿ ಇಲ್ಲದಿದ್ದರೂ ಕಾಲಲ್ಲಿ ಕೇಳುತ್ತಿದ್ದಾಳೆ ಎಂದು ನಂಬಿಕೊಂಡು ಮಲಗಬಹುದಿತ್ತು. ಕರೆದ ಮೇಲೆ ಒಂದು ಕೆಂಪು ಚುಕ್ಕಿ ಬಂದರೆ ಅದೂ ಇಲ್ಲ. ಯಾರಿಗೂ ತಲೆಬಾಗದ ಹೆಂಗಸು ಒಂದು ಚುಕ್ಕಿಗೆ ಹೆದರಿ ಫೋನನ್ನು ಗಚ್ಚಿನ ಡಬ್ಬಿಯ ಹಿಂದೆ ಇಟ್ಟಳು.

ತಿಂಗಳ ಕೊನೆಯ ವಾರ. ಮಧ್ಯಾಹ್ನದ ಹೊತ್ತು ಅಕ್ಕ ಹಲ್ಲಿನ ಬಣ್ಣ ಹೊಂದಿಸುತ್ತಿದ್ದಾಗ ಬಾಗಿಲು ಯಾರೋ ತಟ್ಟಿದರು. ಡಾಕ್ಟರ ಕಡೆಯವರಿರಬೇಕು ಎಂದು ತಲೆ ಎತ್ತದೆ "ಸೆಟ್ಟು ನಾಳೆ ಸಿಗೋದು, ನಿಮ್ಮ ಡಾಕ್ಟರಿಗೆ ಅವಸರ ಇದ್ದರೆ ತಾವೇ ಮಾಡ್ಕೊಳ್ಲಿ" ಎಂದಳು.

"ಅತ್ತಿಗೆ, ನಾನು."

ತಲೆ ಎತ್ತಿದಳು. ಮೊದಲು ಹಲ್ಲು ಗುರುತಿಗೆ ಬಂತು, ಮುಂದಿನದೊಂದು ತುಸು ಓರೆ. ಆಮೇಲೆ ಮನುಷ್ಯ. ತಂಗಿಯ ಗಂಡ, ದಿಂಬು. ಆದರೆ ದಿಂಬಿನ ಹತ್ತಿಯನ್ನು ಯಾರೋ ಅರ್ಧಕ್ಕರ್ಧ ಕಿತ್ತುಹಾಕಿದ್ದರು. ಗಲ್ಲ ಇಳಿದಿತ್ತು, ಹೊಟ್ಟೆ ಇರುವ ಜಾಗದಲ್ಲಿ ಅಂಗಿ ಸಡಿಲವಾಗಿ ತೂಗುತ್ತಿತ್ತು. ಕಂಕುಳಲ್ಲಿ ಪರದೆ ಬಟ್ಟೆಯ ಮಾದರಿಗಳ ಪುಸ್ತಕ ಇತ್ತು.

ಅಕ್ಕ ಕೈಯಲ್ಲಿದ್ದ ಹಲ್ಲನ್ನು ಕೆಳಗಿಟ್ಟಳು. "ಅವಳಿಗೇನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದಾಳೆ." ಅವನು ಕೂರಲು ಕುರ್ಚಿ ಹುಡುಕಿದ. ಅಕ್ಕ ಕೊಡಲಿಲ್ಲ. "ತಾಣ ಮುಚ್ತಾ ಇದೆಯಲ್ಲ ಅತ್ತಿಗೆ. ಮುಂದೆ ಯಾವುದರಲ್ಲಿ ಪಾಠ ಹಾಕ್ತೀರಿ ಅಂತ ಕೇಳೋಣ ಅಂತ ಬಂದೆ. ಎದುರು ಬೀದೀಲಿ ಕಿಟಕಿ ಅಳೆಯೋದಿತ್ತು, ಹಾಗೇ..."

"ಅವಳು ಕಳಿಸಿದ್ಲಾ?"

"ಇಲ್ಲ, ನಾನೇ ಬಂದೆ. ಓಡೋನು ನಾನಲ್ವಾ?"

ಅಕ್ಕನಿಗೆ ಅರ್ಥವಾಗಲಿಲ್ಲ. ಆಮೇಲೆ ಅವನು ಮಾದರಿ ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನಲ್ಲಿ ಅಕ್ಕ ಕೊಡಿಸಿದ ಗಡಿಯಾರ ಇತ್ತು, ಅದೇ ನೇರಳೆ ಪಟ್ಟಿ.

"ಅದು ನಿನ್ನ ಕೈಗೆ ಹ್ಯಾಗೆ ಬಂತು?"

"ರೇಸಿನ ದಿನ ಮನೆಗೆ ಬಂದವಳೇ ಕಸದ ಬುಟ್ಟಿಗೆ ಎಸೆದ್ಲು. ಒಳ್ಳೇ ಗಡಿಯಾರ, ಪಾಪ ಅಂತ ಎತ್ತಿಟ್ಕೊಂಡೆ. ಆ ವಾರ ಅದು ಕೀಂಯ್ ಅಂತು. ನೋಡಿದ್ರೆ ನಿಮ್ಮ ಪಾಠ. ನೀವು ಬಸ್ಸಿನ ವಿಷಯ ಅಂದಿದ್ರಲ್ಲ, ಅದು ಒಂಥರಾ ಚುಚ್ತಾ ಇತ್ತು. ನೋಡೋಣ ಅಂತ ಓಡ್ದೆ. ಜೀವ ಹೋದಂಗಾಯ್ತು." ಅವನು ನಕ್ಕ. "ಆಮೇಲೆ ನೀವೇ ಹಗುರ ಮಾಡಿದ್ರಿ. ಒಂದು ಅರ್ಥ ಆಗ್ಲಿಲ್ಲ, ಆ ಮೀನಖಂಡದ ವ್ಯಾಯಾಮ ಯಾಕೆ ಹಾಕಿದ್ರಿ? ನೋವೇನಿರ್ಲಿಲ್ಲ. ಹಾಕಿದಾರಲ್ಲ ಅಂತ ಮಾಡ್ದೆ."

"ದಿನಾ ಆ ಮೂಲೇಲಿ ನಿಲ್ತಿದ್ಯಲ್ಲ?"

"ಟೀ ಅತ್ತಿಗೆ. ಅಲ್ಲಿ ಟೀ ಚೆನ್ನಾಗಿರುತ್ತೆ."

ಅಕ್ಕ ಹಿಂದೆ ಸರಿದು ಕೂತಳು. ಕೋಪದ ಎದೆಬಡಿತವಂತೆ, ಸಿಟ್ಟಿನ ಭಾರವಂತೆ! ಎರಡು ವರ್ಷ ತಂಗಿಯ ಮನಸ್ಸು ಓದುತ್ತಿದ್ದೇನೆ ಎಂದು ಬೀಗಿಕೊಂಡು ಕೂತು ಓದಿದ್ದು ಈ ದಿಂಬು ಏದುಸಿರು ಬಿಟ್ಟದ್ದನ್ನು, ಈ ದಿಂಬು ಟೀ ಕುಡಿದದ್ದನ್ನು. ಕನ್ನಡಕದವನ ಮೇಲೆ, ವಕೀಲೆಯ ಮೇಲೆ, ಲೋಕದ ಮೇಲೆ ಇಷ್ಟು ದಿನ ಉಗಿದ ಉಗುಳೆಲ್ಲ ಒಟ್ಟಿಗೆ ತನ್ನ ಮುಖಕ್ಕೇ ಬಂದು ಬಿದ್ದ ಹಾಗಾಯಿತು. ನನ್ನಂಥ ಮಂಗ ಇನ್ನೊಬ್ಬಳಿಲ್ಲ ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ ನೋವಾಯಿತು. ತಂಗಿ ಗಡಿಯಾರ ಎಸೆದ ದಿನವೇ ಎಲ್ಲ ಮುಗಿದಿತ್ತು. ಉಳಿದಿದೆ ಎಂದುಕೊಂಡದ್ದು ಏನೂ ಉಳಿದಿರಲಿಲ್ಲ.

"ಅವಳಿಗೆ ಗೊತ್ತಾ, ನೀನು ಓಡೋದು?"

"ಗೊತ್ತಿಲ್ದೆ ಏನು? ಬೈತಾನೇ ಇರ್ತಾಳೆ. ಅವಳ ಮಾತು ಕೇಳ್ಕೊಂಡು ಕುಣೀತೀಯಲ್ಲ, ನಾಚ್ಕೆ ಆಗಲ್ವಾ ಅಂತ. ಆದ್ರೂ ಭಾನುವಾರ ಸಂಜೆ ಗಡಿಯಾರ ಕೀಂಯ್ ಅಂದ್ರೆ ಮೊದಲು ಕಿವಿ ನಿಮಿರೋದು ಅವಳ್ದೇ. ಏನು ಹಾಕಿದಾಳೆ ಓದು ಅಂತಾಳೆ." ಅವನು ಕಾಲು ಬದಲಾಯಿಸಿ ನಿಂತ. "ಈಗ ಹೊಸ ಆ್ಯಪ್ ಅಂದ್ರೆ ನಿಮ್ಮ ಬಗ್ಗೆ ಒಂದೇ ಮಾತು ಅವಳ್ದು. ಅವಳಾಗಿ ಕರೆಯಲ್ಲ, ಬೇಕಾದ್ರೆ ಬರ್ಕೊಡ್ತೀನಿ, ಸತ್ರೂ ಕರೆಯಲ್ಲ ಅಂತ."

ಅಕ್ಕನಿಗೆ ರೇಗಿಹೋಯಿತು. ಕರೆಯುವುದಿಲ್ಲವಂತೆ! ಹೇಳುವುದಕ್ಕೆ ಇವಳು ಯಾರು? ಗಚ್ಚಿನ ಡಬ್ಬಿಯ ಹಿಂದಿನಿಂದ ಫೋನು ತೆಗೆದು, ಕೈಯ ಮೇಣವನ್ನು ಏಪ್ರನ್ನಿಗೆ ಒರೆಸಿಕೊಂಡು, ಯಾವ ಆಹ್ವಾನದ ಗುಂಡಿಯನ್ನೂ ಒತ್ತದೆ ನೇರವಾಗಿ ನಂಬರು ಒತ್ತಿದಳು. ಆ ಕಡೆ ಗಂಟೆ ಬಾರಿಸಿದ ಮೇಲೆ ಹೆದರಿಕೆ ಆಯಿತು. ಅಷ್ಟರಲ್ಲಿ ಅವಳು ಎತ್ತಿಯಾಗಿತ್ತು.

"ಹೂಂ" ಎಂದಿತು ತಂಗಿಯ ದನಿ, ಮೊನ್ನೆ ತಾನೇ ಮಾತಾಡಿದವಳ ಹಾಗೆ ಬಿರುಸಾಗಿ.

"ಗಡಿಯಾರ ಕಸದ ಬುಟ್ಟಿಗೆ ಹಾಕಿದ್ಯಂತೆ."

"ಹಾಕಿದ್ದೆ. ಏನೀಗ?"

"ನಾನು ಕೊಡ್ಸಿದ್ದು ಅದು."

"ಅದಕ್ಕೇ ಹಾಕಿದ್ದು."

ದಿಂಬು ಗೋಡೆಗೆ ಒರಗಿ, ಕಪಾಟಿನ ಮೇಲೆ ಸಾಲಾಗಿ ಕೂತ ಗಚ್ಚಿನ ದವಡೆಗಳನ್ನು ಎಣಿಸುವವನ ಹಾಗೆ ಬೇರೆ ಕಡೆ ನೋಡುತ್ತಿದ್ದ.

ತಂಗಿಯೇ ಮುಂದುವರಿಸಿದಳು. ದನಿ ಸ್ವಲ್ಪ ಇಳಿದಿತ್ತು. "ಹೋಗ್ಲಿ ಬಿಡು. ನೀನೇನು ಬಾಯಲ್ಲಿ ಒಪ್ಪಿಕೊಳ್ಳೋಳಲ್ಲ. ಅಷ್ಟು ಜನರ ಮುಂದೆ ಅವನನ್ನ ಅಂದೆ, ಆಮೇಲೆ ಸದ್ದಿಲ್ದೆ ಅವನಿಗೇ ಪಾಠ ಹಾಕ್ತಾ ಬಂದೆ. ಪಾಪ, ಒದ್ದಾಡ್ತಾನೆ ಅಂತ ಹಗುರ ಬೇರೆ ಮಾಡಿ ಹಾಕಿದೆ. ನಾನು ಮುಟ್ಠಾಳಿ ಅಲ್ಲ, ನಂಗೆ ಅರ್ಥ ಆಯ್ತು. ತಪ್ಪಾಯ್ತು ಅಂತ ಹೇಳೋಕೆ ನಿನಗೆ ಇರೋದು ಇದೊಂದೇ ದಾರಿ ಅಂತ ಅಂದ್ಕೊಂಡೆ. ಅಷ್ಟಾದ್ರೂ ಮಾಡಿದ್ಲಲ್ಲ ನಮ್ಮಕ್ಕ ಅಂತ..." ಅಲ್ಲಿಗೆ ನಿಲ್ಲಿಸಿದಳು.

ತಂಗಿ ಬಾಯಲ್ಲಿ 'ಅಕ್ಕ' ಅಂದಿದ್ದಳು. ಎರಡು ವರ್ಷದ ಮೇಲೆ ಅಂದಿದ್ದಳು, ಅದೂ ಅಕ್ಕ ಮಾಡದ ಒಂದು ಒಳ್ಳೆಯತನಕ್ಕೆ.

ದಿಂಬು ಈಗ ಇವಳ ಕಡೆಯೇ ನೋಡುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು, ಈಗಷ್ಟೇ ಇವಳ ಮುಖ ಬಿದ್ದುಹೋದದ್ದನ್ನು ಕಂಡವನೂ ಅವನೇ. ತುಟಿಯ ಮೇಲೆ ಬೆರಳಿಟ್ಟು, ಹೂಂ ಅನ್ನಿ, ಅಷ್ಟೇ, ಎನ್ನುವ ಹಾಗೆ ತಲೆಯಾಡಿಸಿದ. ತನ್ನನ್ನು ಊರ ಮುಂದೆ ದಿಂಬು ಎಂದವಳಿಗೆ ದಾರಿ ತೋರಿಸುತ್ತಿದ್ದ. ಹೂಂ ಎಂದರೆ ಮುಗಿಯಿತು. ತಂಗಿ ಸಿಗುತ್ತಾಳೆ, ಮರ್ಯಾದೆಯೂ ಉಳಿಯುತ್ತದೆ.

ಸುಳ್ಳು ಹೇಳಿ ಒಳ್ಳೆಯವರಾಗುವವರನ್ನು ಜೀವಮಾನವಿಡೀ ಕಾಲ ಕಸ ಮಾಡಿದವಳು ಅಕ್ಕ.

"ಇಲ್ಲ ಕಣೇ" ಎಂದಳು. "ಇವನು ಅಂತ ನನಗೆ ಗೊತ್ತೇ ಇರ್ಲಿಲ್ಲ. ಈಗ ಗೊತ್ತಾಯ್ತು. ಗೊತ್ತಿದ್ದಿದ್ರೆ ಹಾಕ್ತಾನೂ ಇರ್ಲಿಲ್ಲ. ಓಡ್ತಾ ಇರೋಳು ನೀನು ಅಂತ ತಿಳ್ಕೊಂಡು ಹಾಕ್ತಿದ್ದೆ."

ದಿಂಬು ಹಣೆ ಒತ್ತಿಕೊಂಡ.

ತಂಗಿ ಫೋನು ಇಟ್ಟಳೇನೋ ಎಂದು ಅಕ್ಕ ಪರದೆ ನೋಡಿದಳು, ಇಟ್ಟಿರಲಿಲ್ಲ.

"ನಾನು ಅಂತಾನಾ?" ಎಂದಳು ತಂಗಿ. "ಆ ಓಟ ನಂದು ಅಂತ ತಿಳ್ಕೊಂಡ್ಯಾ? ನನ್ನ ಕಾಲು ನಿನಗೆ ಗೊತ್ತಿಲ್ವಾ? ಆಮೆ ಥರ ಓಡ್ತಾನಲ್ಲೇ ಅವನು, ಮೊದಮೊದಲು ನಡ್ಕೊಂಡು ಹೋಗೋರೇ ಅವನನ್ನ ದಾಟ್ತಿದ್ರು!"

"ಗೊತ್ತು. ನೋಡ್ತಿದ್ನಲ್ಲ."

"ನೋಡ್ಕೊಂಡು ಸುಮ್ನಿದ್ಯಾ? ನಾನು ಅಷ್ಟು ಕೆಟ್ಟದಾಗಿ ಓಡ್ತಾ ಇದೀನಿ ಅಂತ ತಿಳ್ಕೊಂಡೂ?"

"ಹೂಂ."

"ಒಂದು ಸಲಾನೂ ಬೈಲಿಲ್ವಲ್ಲೇ ನೀನು!"

ಆ ದನಿ ಒಡೆದುಹೋಗಿತ್ತು. ಎಲ್ಲರಿಗೂ ಒಂದೊಂದು ಮಾತು ರೆಡಿ ಇಟ್ಟುಕೊಂಡಿದ್ದ ಅಕ್ಕನಿಗೆ ಅಳು ಬಂತು. ಪರದೆ ಮಾರುವವನ ಎದುರಿಗೇ, ಮೇಣ ಮೆತ್ತಿದ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟಳು. ದಿಂಬು ಕುರ್ಚಿ ಎಳೆದು ತಾನಾಗಿಯೇ ಕೂತುಕೊಂಡ, ಯಾರೂ ಬೇಡ ಎನ್ನಲಿಲ್ಲ.

"ಅಳ್ತಾ ಇದೀಯಾ?" ಎಂದು ಆ ಕಡೆಯಿಂದ ಗದರಿದಳು ತಂಗಿ, ಮೂಗು ಸೊರಸೊರ ಎನ್ನಿಸುತ್ತಾ. "ಅಳೋದು ಬೇಡ. ಬೈಯೋದೆಲ್ಲ ಬಾಕಿ ಇಟ್ಕೊಂಡಿದೀಯಲ್ಲ, ಮನೆಗೆ ಬಾ. ಬಂದು ಬೈದು ಹೋಗು."